ಆರೂವರೆಯ ಹೆಜ್ಜೆ

ಸ್ಟುಡಿಯೋದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಜ್ಜೆ ಮೇಡಂ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅವಳು ಮಾಡಿದ್ದು ಒಂದೇ ಕೆಲಸ, ಸಿನಿಮಾದವರಿಗೆ ನಡೆದುಕೊಡುವುದು. ಚಿತ್ರೀಕರಣದಲ್ಲಿ ಮಾತು ಸಿಕ್ಕರೆ ಕಾಲಿನ ಸದ್ದು ಸಿಗುವುದಿಲ್ಲ. ಆಮೇಲೆ ಯಾರಾದರೊಬ್ಬರು ಪರದೆಯ ಮುಂದೆ ನಿಂತು, ನಾಯಕ ಕಾಲೆತ್ತಿದಾಗ ಎತ್ತಿ, ಇಟ್ಟಾಗ ಇಟ್ಟು, ಆ ಸದ್ದನ್ನು ಹೊಸದಾಗಿ ಹುಟ್ಟಿಸಬೇಕು. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ದಪ್ಪ ಬಟ್ಟೆ, ನೆಲದ ಮೇಲೆ ಸಾಲಾಗಿ ಮರದ ಚೌಕಟ್ಟುಗಳು. ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಒಣ ಎಲೆ. ಹಿಂದಿನ ಗೋಡೆಯ ತುಂಬ ಬೂಟು ಚಪ್ಪಲಿ, ಅರವತ್ತಮೂರು ಜೊತೆ. ಅವಳು ಕೊಲೆಗಾರರಿಗೆ ನಡೆದಿದ್ದಳು, ತುಂಬಿದ ಬಸುರಿಗೆ ನಡೆದಿದ್ದಳು, ಒಂದು ಸಲ ಕುದುರೆಗೂ ನಡೆದಿದ್ದಳು. "ನಮ್ಮಕ್ಕ ನಾಲ್ಕು ಕಾಲಲ್ಲಿ ದುಡಿಯೋಳು" ಎಂದು ತಮ್ಮ ಸಿಕ್ಕಸಿಕ್ಕವರಿಗೆ ಹೇಳಿ ನಗುತ್ತಿದ್ದ.

ಅಮ್ಮ ಎಂಟು ತಿಂಗಳಿಂದ ಮರೆವಿನ ಕಾಯಿಲೆಯವರ ಆರೈಕೆಮನೆಯಲ್ಲಿದ್ದಳು. ಮೊದಲು ಒಲೆಯ ಮೇಲಿಟ್ಟ ಹಾಲನ್ನು ಮರೆತಳು, ಆಮೇಲೆ ಒಲೆಯನ್ನು ಮರೆತಳು. ಕೊನೆಗೊಂದು ಮಧ್ಯಾಹ್ನ, ಮನೆಯೊಳಗೇ ಇದ್ದವಳು, ಮನೆಗೆ ಹೋಗಬೇಕು ಎನ್ನುತ್ತ ಬೀದಿಗಿಳಿದಳು. ಎರಡು ಬೀದಿಯಾಚೆ ಒಬ್ಬ ಬಡಗಿ ಅವಳನ್ನು ತನ್ನ ಅಂಗಡಿಯಲ್ಲಿ ಕೂರಿಸಿಕೊಂಡು, ಸಿಕ್ಕಿದ ಫೋನ್ ನಂಬರಿಗೆಲ್ಲ ಕರೆ ಮಾಡಿದ್ದ.

ಆರೈಕೆಮನೆಯಲ್ಲಿ ಮೊದಲ ದಿನ ಮಗಳನ್ನು ಹೆದರಿಸಿದ್ದು ಅಲ್ಲಿನ ವಾಸನೆಯಲ್ಲ. ಉದ್ದನೆಯ ಓಣಿ, ಎರಡೂ ಬದಿ ಒಂದೇ ಥರದ ಹನ್ನೆರಡು ಬಾಗಿಲು, ನೆಲಕ್ಕೆ ಮೆತ್ತನೆಯ ಪ್ಲಾಸ್ಟಿಕ್ ಹಾಸು. ಯಾರು ಬಂದರೂ ಹೋದರೂ ತಿಳಿಯುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಕೇಳುವುದು ಒಂದು ಟಿವಿ, ಒಂದು ಔಷಧಿ ಗಾಡಿ, ಯಾರದೋ ತಲೆದೆಸೆಯ ಯಂತ್ರದ ಬೀಪು. ಏಳು ಗಂಟೆಗೂ ಅದೇ, ಹನ್ನೊಂದಕ್ಕೂ ಅದೇ.

"ಇವರಿಗೆ ಹೊತ್ತು ಗೊತ್ತಾಗಲ್ಲ ಅಂತೀರಲ್ಲ ಅಕ್ಕ, ಹೊತ್ತು ಅನ್ನೋದು ಇಲ್ಲಿ ಇದ್ದರೆ ತಾನೇ ಗೊತ್ತಾಗೋದು?" ಎಂದು ಅವಳು ಹಿರಿಯ ದಾದಿಯನ್ನು ಕೇಳಿದಳು. "ನಮಗೆಲ್ಲ ಬೆಳಗಾಗೋದು ಗಡಿಯಾರದಿಂದಲ್ಲ. ಯಾರೋ ಗುಡಿಸ್ತಾರೆ, ಯಾರೋ ನಲ್ಲಿ ಬಿಡ್ತಾರೆ, ಆಗ ಬೆಳಗು. ಅಂಥ ಸದ್ದು ನಾನು ತಂದು ಕೊಡ್ತೀನಿ."

"ನನ್ನ ಗಡಿಯಾರದ ತಂಟೆಗೆ ಬರಬೇಡಿ" ಎಂದಳು ಹಿರಿಯ ದಾದಿ. ಎದೆಯ ಮೇಲೆ ತಲೆಕೆಳಗಾಗಿ ಗಡಿಯಾರ ನೇತುಹಾಕಿಕೊಳ್ಳುತ್ತಿದ್ದ ಅವಳನ್ನು ಇಡೀ ಮನೆ ಗಡಿಯಾರದಕ್ಕ ಎಂದೇ ಕರೆಯುತ್ತಿತ್ತು. "ಮಾಡಿ ತೋರಿಸಿ. ಕೆಲಸ ಹೆಚ್ಚಾಗದಿದ್ದರೆ ಆಯ್ತು."

ಹಾಗೆ ಹುಟ್ಟಿದವು ಪೆಟ್ಟಿಗೆಗಳು. ಅಂಗೈಯಗಲದ ಮರದ ಪೆಟ್ಟಿಗೆ, ಒಳಗೊಂದು ಸ್ಪೀಕರ್, ಹೊತ್ತಿಗೆ ಸರಿಯಾಗಿ ತಾನೇ ನುಡಿಯುವ ಏರ್ಪಾಡು. ನಾಲ್ಕನೇ ಕೋಣೆಯಲ್ಲಿ ಒಬ್ಬ ಬಸ್ ಕಂಡಕ್ಟರ್ ಇದ್ದ. ದಿನವೂ ಸಂಜೆ ಹೊರಬಾಗಿಲಿಗೆ ಅಂಟಿಕೊಂಡು, ಬಿಡಿ ಬಿಡಿ ಎಂದು ಗುದ್ದುತ್ತಿದ್ದವನು. ಅವಳು ಡಿಪೋಗೆ ಹೋಗಿ ಹಳೆಯ ಬಸ್ಸೊಂದರ ಎಂಜಿನ್ನು, ಎರಡು ಸಲದ ಸೀಟಿ, ಬಾಗಿಲು ಬಡಿಯುವ ಸದ್ದು ಹಿಡಿದು ತಂದಳು. ಸೀಟಿ ಕೇಳಿದ್ದೇ ಕಂಡಕ್ಟರ್ ಬಾಗಿಲು ಬಿಟ್ಟು ಓಣಿಯ ನಡುವೆ ನಿಂತ. "ಹೆಂಗಸರು ಮುಂದೆ ಬನ್ನಿ, ಗಂಡಸರು ಹಿಂದೆ ಹೋಗಿ, ಹಿಂದೆ ಖಾಲಿ ಇದೆ" ಎಂದು ಗಾಲಿಕುರ್ಚಿಗಳನ್ನೆಲ್ಲ ವಿಂಗಡಿಸಿದ. ಏಳನೇ ಕೋಣೆಯ ಮೇಷ್ಟ್ರಿಗೆ ಶಾಲೆಯ ಗಂಟೆ. ಗಂಟೆ ಹೊಡೆದರೆ ಎದ್ದು ಹಲ್ಲುಜ್ಜುತ್ತಿದ್ದರು. ಹಲ್ಲುಜ್ಜಿಸಲು ಬಂದ ದಾದಿಯ ಉಗುರನ್ನೂ ಪರೀಕ್ಷೆ ಮಾಡುತ್ತಿದ್ದರು.

ಅಮ್ಮ ಮೂವತ್ತು ವರ್ಷ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆಮನೆಯಲ್ಲಿ ಇಸ್ತ್ರಿ ಹಾಕಿದವಳು. ಭಾರದ ಇಸ್ತ್ರಿಪೆಟ್ಟಿಗೆ ಮೇಜಿಗೆ ಇಳಿಯುವ ದಡ್ ಸದ್ದು, ಚಿಮುಕಿಸಿದ ನೀರು ಚುರ್ರೆನ್ನುವ ಸದ್ದು ಬೆಳಗ್ಗೆ ಎಂಟಕ್ಕೆ ಕೇಳಿದರೆ ಅವಳ ಕೈ ತಾನಾಗಿ ಹಾಸಿಗೆಯ ಸುಕ್ಕು ಸವರುತ್ತಿತ್ತು. ಆ ಗುಂಗಿನಲ್ಲೇ ಸ್ನಾನಕ್ಕೂ ಬರುತ್ತಿದ್ದಳು. ಬೆಳಗು ಗೆದ್ದಂತಾಯಿತು. ಸಂಜೆ ಮಾತ್ರ ಬಗ್ಗಲಿಲ್ಲ. ಆರು ಹೊಡೆದರೆ ಅಮ್ಮನಿಗೆ ಕಾಲು ನಿಲ್ಲದು. ಬಾಗಿಲಿಗೂ ಕಿಟಕಿಗೂ ನಡುವೆ ಎಂಟು ಹೆಜ್ಜೆ, ಒಂಬತ್ತರವರೆಗೆ ಅಷ್ಟೇ.

ಆರಕ್ಕೆ ಅಮ್ಮ ಕಾಯುವುದು ಯಾರನ್ನು ಎಂದು ಮಗಳಿಗೆ ಬೇರೆ ಹೇಳಬೇಕಿರಲಿಲ್ಲ.

ಅಪ್ಪ ಲಿಫ್ಟ್ ರಿಪೇರಿಯವನು. ಒಮ್ಮೆ ಲಿಫ್ಟ್ ಇಳಿಯುವ ಗುಂಡಿಯಲ್ಲಿ ಎಡಗಾಲು ಸಿಕ್ಕಿ ನಜ್ಜಾಗಿ, ಅಂದಿನಿಂದ ಅವನ ನಡಿಗೆಗೊಂದು ತಾಳ ಬಂದಿತ್ತು. ಟಕ್, ಸರ್ರ್. ಟಕ್, ಸರ್ರ್. ಸೊಂಟದಲ್ಲಿ ಕೀಲಿಗೊಂಚಲು. ಆರೂವರೆಗೆ ಆ ತಾಳ ಮೆಟ್ಟಿಲಲ್ಲಿ ಕೇಳಿದರೆ ಅಮ್ಮ ಮಗಳನ್ನು ಕೂಗಿ, "ಪುಟ್ಟೀ, ಬಂದ್ರು, ತಟ್ಟೆ ಹಾಕು" ಎನ್ನುತ್ತಿದ್ದಳು. ಅವನು ಬಾಗಿಲ ಪಕ್ಕದ ಮೊಳೆಗೆ ಕೀಲಿಗೊಂಚಲು ಸಿಕ್ಕಿಸಿ ಒಳಗೆ ಬಂದು ಕೂತ ಮೇಲೆಯೇ ಅವಳ ಊಟ. ಹನ್ನೊಂದು ವರ್ಷದ ಹಿಂದೆ ಅಪ್ಪ ಸತ್ತಾಗ ತಮ್ಮ ಕೈಗಡಿಯಾರ ಇಟ್ಟುಕೊಂಡ, ಅವಳು ಬೂಟು ಕೇಳಿ ತೆಗೆದುಕೊಂಡಳು. ಎಡ ಹಿಮ್ಮಡಿ ಹೊರಗಡೆಗೆ ಸವೆದ ಕಪ್ಪು ಬೂಟು. ಸ್ಟುಡಿಯೋದ ಗೋಡೆಯಲ್ಲಿ ಅದೇ ಅರವತ್ತಮೂರನೆಯದು. ಯಾವ ಸಿನಿಮಾಕ್ಕೂ ಅದನ್ನು ಹಾಕಿರಲಿಲ್ಲ.

ಅಪ್ಪನ ನಡಿಗೆಯನ್ನು ಪೆಟ್ಟಿಗೆಗೆ ಹಿಡಿಯಲು ಮೂರು ದಿನ ತೆಗೆದುಕೊಂಡಳು. ಬೂಟಿನ ಮೂತಿಗೆ ಹಳೆಯ ಪತ್ರಿಕೆ ತುರುಕಿ, ಎಡಗಾಲಿಗೆ ಮರಳಿನ ಚೀಲ ಕಟ್ಟಿ, ಕಲ್ಲಿನ ಹಾಸಿನ ಮೇಲೆ ನಡೆದಳು. ಹದಿನೇಳು ಹೆಜ್ಜೆ. ಹದಿನಾಲ್ಕನೆಯದರಲ್ಲಿ ಒಂದು ಸಣ್ಣ ತಡೆ, ಅಪ್ಪ ಯಾವಾಗಲೂ ಅಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದ. ಕೊನೆಗೆ ಕೀಲಿಗೊಂಚಲು ಮೊಳೆಗೆ ಬೀಳುವ ಝಣ್. ಅಲ್ಲಿಗೆ ಕತ್ತರಿ. ಕೇಳಿದರೆ ಅವಳ ಮೈಯೇ ಜುಮ್ಮೆಂದಿತು. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಒಳ್ಳೆಯ ನಡಿಗೆ ನಡೆದೇ ಇಲ್ಲ ಎನಿಸಿತು. ಅದು ಸುಳ್ಳೂ ಆಗಿರಲಿಲ್ಲ.

ಮೊದಲ ಸಂಜೆ ಅವಳೂ ಗಡಿಯಾರದಕ್ಕನೂ ಬಾಗಿಲ ಗಾಜಿನಲ್ಲಿ ಇಣುಕಿ ನಿಂತರು. ಅಮ್ಮ ಕಿಟಕಿಯಿಂದ ಬಾಗಿಲಿಗೆ ಬರುತ್ತಿದ್ದವಳು, ಪೆಟ್ಟಿಗೆಯಿಂದ ಮೊದಲ ಟಕ್ ಬಂದದ್ದೇ ನಿಂತುಬಿಟ್ಟಳು. ಕತ್ತು ಓರೆ ಮಾಡಿದಳು. ಕೂದಲು ಸವರಿಕೊಂಡಳು. ಝಣ್ ಎಂದಾಗ ಮಂಚದ ಅಂಚಿಗೆ ಹೋಗಿ ಕೂತಳು, ಎರಡೂ ಕೈ ಮಡಿಲಲ್ಲಿ.

"ಅಯ್ಯೋ, ಕೂತ್ರಲ್ಲ ಕಣ್ರೀ!" ಗಡಿಯಾರದಕ್ಕ ಅವಳ ತೋಳು ಹಿಂಡಿದಳು. "ಇಲ್ಲಿಗೆ ಬಂದಾಗಿನಿಂದ ಈ ಹೊತ್ತಿಗೆ ಕೂತಿದ್ದು ನಾನು ನೋಡಿಲ್ಲ."

ಅವಳು ಹಗುರಾಗಿ ಮನೆಗೆ ಹೋದಳು. ನೋಡಿದ್ದು ಅಷ್ಟೇ. ಕೂತ ಮೇಲೆ ಅಮ್ಮ ಏನು ಮಾಡಿದಳು ಎಂದು ನಿಂತು ನೋಡಲಿಲ್ಲ. ಮುಂದಿನ ಎರಡು ವಾರ ಒಂದು ಸಿನಿಮಾದ ಕೊನೆಯ ಕೆಲಸ ತಲೆಯ ಮೇಲಿತ್ತು. ಬೆಳಗ್ಗೆ ಒಂದು ಗಳಿಗೆ ಬಂದು, ಅಮ್ಮನ ಕೆನ್ನೆ ಮುಟ್ಟಿ, ಓಡುತ್ತಿದ್ದಳು. ಆರೈಕೆಮನೆಯ ಮುಖ್ಯಸ್ಥರು ಅತಿಥಿಗಳನ್ನು ಕರೆತಂದು ಪೆಟ್ಟಿಗೆ ತೋರಿಸುತ್ತಿದ್ದಾರೆ ಎಂದು ಕೇಳಿ ಉಬ್ಬಿದಳು.

ಹದಿನೈದನೆಯ ದಿನ ಗಡಿಯಾರದಕ್ಕ ಫೋನ್ ಮಾಡಿದಳು.

"ಅಮ್ಮ ಊಟ ಬಿಟ್ಟಿದಾರೆ. ನಾಲ್ಕು ಕಿಲೋ ಇಳಿದಿದಾರೆ."

"ಯಾವತ್ತಿಂದ?"

"ನಿಮ್ಮ ಪೆಟ್ಟಿಗೆ ಬಂದ ಮೂರನೇ ದಿನದಿಂದ ಕಮ್ಮಿ ಆಗ್ತಾ ಬಂತು. ಮೊದಲು ರಾತ್ರಿದು ಬಿಟ್ರು. ಈಗ ಬೆಳಗ್ಗೆದೂ ಬೇಡ ಅಂತಾರೆ. ನಾನೂ ಇಲ್ಲಿವರೆಗೆ ಒಂದಕ್ಕೊಂದು ಜೋಡಿಸಲಿಲ್ಲ."

ಆ ಸಂಜೆ ಅವಳು ಕೋಣೆಯೊಳಗೇ ಕೂತಳು. ಅಮ್ಮನ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಆರೂವರೆಗೆ ಟಕ್, ಸರ್ರ್. ಝಣ್. ಅಮ್ಮ ಮಂಚದ ಅಂಚಿಗೆ ಕೂತಳು, ಬಾಗಿಲು ನೋಡಿದಳು. ಐದು ನಿಮಿಷ. ಹತ್ತು ನಿಮಿಷ. ರೆಪ್ಪೆ ಹೊಡೆಯುವುದನ್ನೂ ಬಿಟ್ಟವಳಂತೆ ನೋಡುತ್ತಲೇ ಇದ್ದಳು. ಅನ್ನ ಹಿಸುಕಿ ಕಲಸಿದ ತಟ್ಟೆ ಆರಿತು. ಮಗಳು ಚಮಚ ಎತ್ತಿ ಬಾಯ ಬಳಿ ಹಿಡಿದಳು.

"ಅವರು ಬರಲಿ."

"ಯಾರಮ್ಮ?"

"ಇನ್ಯಾರು ಮತ್ತೆ." ಅಮ್ಮ ದನಿ ತಗ್ಗಿಸಿದಳು. "ಬಾಗಿಲ ತನಕ ಬರ್ತಾರೆ. ಒಳಗೆ ಕಾಲಿಡಲ್ಲ. ನನ್ನ ಮೇಲೆ ಕೋಪ ಮಾಡ್ಕೊಂಡಿದಾರೆ ಕಣೇ."

"ಯಾಕಮ್ಮ ಕೋಪ?"

"ಅದೇ ಗೊತ್ತಾಗ್ತಿಲ್ಲ. ಏನೋ ತಪ್ಪು ಮಾಡಿದೀನಿ. ಏನು ಅಂತ ನೆನಪೇ ಬರ್ತಿಲ್ಲ." ಅಮ್ಮ ತನ್ನ ಹಣೆಯನ್ನು ಬೆರಳ ಗೆಣ್ಣಿನಿಂದ ಬಡಿದುಕೊಂಡಳು, ಒಮ್ಮೆ, ಇನ್ನೊಮ್ಮೆ. "ನೆನಪಾದರೆ ತಪ್ಪಾಯ್ತು ಅನ್ನಬಹುದಿತ್ತು."

ಆಗ ಅವಳಿಗೆ ತಾನು ಮಾಡಿದ್ದೇನು ಎಂದು ತಿಳಿಯಿತು. ಅದು ಅವಳ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು. ಸಿನಿಮಾದಲ್ಲಿ ಹೆಜ್ಜೆ ಬಾಗಿಲಿಗೆ ಬಂದು ನಿಂತರೆ ಅವಳ ಕೆಲಸ ಮುಗಿಯಿತು, ಕದ ತೆರೆದುಕೊಂಡು ಒಳಗೆ ಬರಲು ಪರದೆಯ ಮೇಲೆ ಒಬ್ಬ ಮನುಷ್ಯ ಇರುತ್ತಾನೆ. ಇಪ್ಪತ್ತೆರಡು ವರ್ಷ ಅವಳ ಪ್ರತಿಯೊಂದು ಹೆಜ್ಜೆಗೂ ಯಾರದೋ ಮೈ ಸಿದ್ಧವಾಗಿ ಕಾದಿತ್ತು. ಇಲ್ಲಿ ಅವಳು ಹದಿನೇಳು ಹೆಜ್ಜೆ ತಂದು ಬಾಗಿಲಲ್ಲಿ ನಿಲ್ಲಿಸಿ ಹೋಗಿದ್ದಳು, ಅವುಗಳ ಹಿಂದೆ ಯಾರೂ ಇರಲಿಲ್ಲ. ಹದಿನೈದು ದಿನ, ದಿನಕ್ಕೊಂದು ಸಲ, ಸತ್ತ ಗಂಡ ಅಮ್ಮನ ಬಾಗಿಲಿಗೆ ಬಂದು ಮುಖ ತೋರಿಸದೆ ತಿರುಗಿ ಹೋಗಿದ್ದ.

ಮರುದಿನ ತಮ್ಮ ಬಂದ. ಕಟ್ಟಡದ ಕೆಲಸದ ಮೇಸ್ತ್ರಿ, ಮೊಣಕೈವರೆಗೆ ಸಿಮೆಂಟು. ಓಣಿಯಲ್ಲೇ ಅಕ್ಕನನ್ನು ನಿಲ್ಲಿಸಿಕೊಂಡ.

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡೋದು ಅಂತ ಕೇಳಿದ್ದೆ ಅಕ್ಕ. ನೀನು ನಮ್ಮಪ್ಪನ್ನೇ ಮಾಡಿಟ್ಟಿದೀಯ."

"ಬೈಯೋದಿದ್ದರೆ ಆಮೇಲೆ ಬೈಯೋ. ಈಗೇನು ಮಾಡೋಣ ಹೇಳು."

"ಏನು ಮಾಡೋದು, ನಿಜ ಹೇಳೋದು. ಆಟ ಕಟ್ಟಿದ್ದು ಸಾಕು."

"ಬೇಡ ಕಣೋ. ಅವಳಿಗೆ ಅದು ಪ್ರತಿ ಸಲವೂ ಹೊಸ ಸಾವು."

"ಹಸಿದು ಸಾಯೋದಕ್ಕಿಂತ ಅತ್ತು ಸಾಯಲಿ ಬಿಡು" ಎಂದವನು ಅವಳನ್ನು ದಾಟಿ ಒಳಗೆ ಹೋದ. ಒರಟ, ಆದರೆ ಕಟುಕನಲ್ಲ. ಅಮ್ಮನ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತ. ಅವಳ ಎರಡೂ ಕೈಯನ್ನು ತನ್ನ ಸಿಮೆಂಟಿನ ಕೈಯಲ್ಲಿ ಹಿಡಿದುಕೊಂಡ. ಅಪ್ಪ ಹೋಗಿ ಹನ್ನೊಂದು ವರ್ಷ ಆಯಿತಮ್ಮ, ನಾನೇ ಹೊತ್ತೆ, ಯಾರಿಗೂ ನಿನ್ನ ಮೇಲೆ ಕೋಪ ಇಲ್ಲ, ಎಂದು ಮಗುವಿಗೆ ಹೇಳಿದ ಹಾಗೆ ಹೇಳಿದ. ಅಮ್ಮ ಅವನ ಬಾಯಿ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿದಳು. ಮಗಳು ಹೌದು ಎಂದು ತಲೆಯಾಡಿಸಿದಳು. ಇಲ್ಲ ಎನ್ನಲು ಅವಳಿಂದ ಆಗಲಿಲ್ಲ.

ಅಮ್ಮನ ಗಂಟಲಿಂದ ಹೊರಟದ್ದು ಅಳುವಲ್ಲ. ಇಪ್ಪತ್ತೆರಡು ವರ್ಷ ಸದ್ದು ಹುಡುಕಿದವಳಿಗೂ ಅದು ಏನೆಂದು ತಿಳಿಯಲಿಲ್ಲ. ತಮ್ಮ ಅಮ್ಮನನ್ನು ಬಿಗಿಯಾಗಿ ತಬ್ಬಿಕೊಂಡ. ಮೂವರೂ ಹಾಗೇ ಎಷ್ಟು ಹೊತ್ತು ಇದ್ದರೋ. ಅಮ್ಮನ ಉಸಿರು ಮೆಲ್ಲಮೆಲ್ಲಗೆ ಒಂದು ಅಳತೆಗೆ ಬಂತು. ಕಣ್ಣೊರೆಸಿಕೊಂಡಳು. "ನೀರು ಕೊಡೋ" ಎಂದಳು. ತಮ್ಮ ಅಕ್ಕನ ಕಡೆ ನೋಡಿದ, ನೋಡಿದೆಯಾ ಎಂಬಂತೆ. ಅವಳು ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು.

ಆಗ ಆರೂವರೆಯಾಯಿತು.

ಟಕ್, ಸರ್ರ್.

ಪೆಟ್ಟಿಗೆಯನ್ನು ಅವಳು ನಿಲ್ಲಿಸಿರಲಿಲ್ಲ. ಅಳು, ಜಗಳ, ತೂಕದ ಲೆಕ್ಕದ ನಡುವೆ ಅದು ಮರೆತೇ ಹೋಗಿತ್ತು. ಆ ಮನೆಯಲ್ಲಿ ಆವತ್ತು ಮರೆತವಳು ಅವಳು. ಲೋಟ ಬಿಟ್ಟು ಕಪಾಟಿನ ಮೇಲಿನ ಪೆಟ್ಟಿಗೆಗೆ ಹಾರಿದಳು. ಸ್ವಿಚ್ಚು ಹಿಂದುಗಡೆ, ಗೋಡೆಗೆ ಆನಿಸಿದ ಕಡೆ. ಬೆರಳು ತಾಕುವಷ್ಟರಲ್ಲಿ ಹದಿನಾಲ್ಕನೆಯ ಹೆಜ್ಜೆಯಾಗಿತ್ತು, ಆ ಸಣ್ಣ ಉಸಿರಿನ ತಡೆ. ಅಲ್ಲಿಗೆ ನಿಂತಿತು.

ಅಮ್ಮ ಮಗನ ತೋಳನ್ನು ತಳ್ಳಿ ಎದ್ದು ನಿಂತಿದ್ದಳು. ಬಾಗಿಲು ನೋಡಿದಳು. ಆಮೇಲೆ ಇಬ್ಬರನ್ನೂ ನೋಡಿದಳು. ಆ ನೋಟದಲ್ಲಿ ಮರೆವೇ ಇರಲಿಲ್ಲ.

"ಯಾರ್ರೋ ನೀವು?" ಎಂದಳು. "ಬದುಕಿರೋರನ್ನ ಸತ್ತರು ಅಂತೀರಲ್ಲ, ನಾಲಿಗೆ ಬಿದ್ದು ಹೋಗಲ್ವಾ ನಿಮ್ಮದು?"

ಆಮೇಲೆ ಪೆಟ್ಟಿಗೆ ನುಡಿಯಲಿಲ್ಲ. ಅದರಿಂದ ಒಳ್ಳೆಯದೇನೂ ಆಗಲಿಲ್ಲ. ಈಗ ಅಮ್ಮ ಆರರಿಂದ ಒಂಬತ್ತರವರೆಗೆ ಬಾಗಿಲಿಗೇ ಮುಖವಿಟ್ಟು ನಿಂತಳು, ಮರವನ್ನು ಉಗುರಲ್ಲಿ ಕೆರೆದಳು. ಎರಡು ಉಗುರು ಕಿತ್ತು ರಕ್ತ ಬಂತು. ಮಗಳು ತಟ್ಟೆ ಹಿಡಿದು ಬಂದರೆ ತಲೆದಿಂಬನ್ನು ಎದೆಗೆ ಅಡ್ಡ ಹಿಡಿಯುತ್ತಿದ್ದಳು. ಒಂದು ಬೆಳಗ್ಗೆ ಗಂಜಿಯನ್ನು ಮಗಳ ಮುಖಕ್ಕೇ ಉಗುಳಿದಳು. ಮೂರು ದಿನದಲ್ಲಿ ಇನ್ನೂ ಎರಡು ಕಿಲೋ ಇಳಿಯಿತು.

ವೈದ್ಯರು ಬಂದು ನೋಡಿದರು. ಚಿಕ್ಕ ವಯಸ್ಸಿನವರು, ಮಾತನ್ನು ತೂಗಿ ಆಡುವವರು. "ಸೋಮವಾರದವರೆಗೆ ಕಾಯೋಣ. ಅಷ್ಟರಲ್ಲಿ ಬಾಯಲ್ಲಿ ತಗೊಂಡರೆ ಸರಿ. ಇಲ್ಲದಿದ್ದರೆ ಮೂಗಿಂದ ನಳಿಗೆ ಹಾಕಬೇಕಾಗುತ್ತೆ."

"ಕಿತ್ತು ಹಾಕ್ತಾಳೆ ಡಾಕ್ಟ್ರೇ."

ಹೊರಗೆ ಬಂದರೆ ಏಳನೇ ಕೋಣೆಯ ಬಾಗಿಲು ತೆರೆದಿತ್ತು. ಮೇಷ್ಟ್ರಿಗೆ ಹಿಂದಿನ ವಾರ ನಳಿಗೆ ಹಾಕಿದ್ದರು. ಅವರು ಅದನ್ನು ಎರಡು ಸಲ ಕಿತ್ತುಕೊಂಡಿದ್ದರು. ಈಗ ಅವರ ಎರಡೂ ಕೈಗೆ ಬಟ್ಟೆಯ ಚೀಲ ತೊಡಿಸಿ ಮಂಚದ ಸರಳಿಗೆ ಬಿಗಿದಿದ್ದರು. ಕಣ್ಣು ಚಾವಣಿಯಲ್ಲಿ ನೆಟ್ಟಿತ್ತು. ಒಳಗಿನ ಪೆಟ್ಟಿಗೆಯನ್ನು ಯಾರೂ ನಿಲ್ಲಿಸಿರಲಿಲ್ಲ. ಶಾಲೆಯ ಗಂಟೆ ಹೊಡೆಯಿತು. ಬಟ್ಟೆಯ ಚೀಲದೊಳಗೆ ಬೆರಳುಗಳು ಆಡಿದವು, ಹಲ್ಲುಜ್ಜುವ ಕಡ್ಡಿ ಹುಡುಕುವ ಹಾಗೆ. ಅವಳು ಒಳಗೆ ಹೋಗಿ ಪೆಟ್ಟಿಗೆಯ ತಂತಿ ಕಿತ್ತಳು.

ಶನಿವಾರ ಸಂಜೆ ಆರೂಕಾಲಿಗೆ ಅವಳು ಆರೈಕೆಮನೆಯ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಅಪ್ಪನ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ತಮ್ಮನ ಹಳೆಯ ಕೆಲಸದ ಅಂಗಿ, ಅದರ ಎದೆಗೆ ತೋಳಿಗೆ ಯಂತ್ರದ ಗ್ರೀಸು ಸವರಿದ್ದಳು. ಕೂದಲು ಟೋಪಿಯೊಳಗೆ. ಬಾಗಿಲಲ್ಲಿ ಗಡಿಯಾರದಕ್ಕ ಎದೆಯ ಮೇಲಿನ ಗಡಿಯಾರ ಹಿಡಿದುಕೊಂಡು ನಿಂತಿದ್ದಳು.

"ಮುಖ ನೋಡಿ ಗುರುತು ಹಿಡಿದರೆ?"

"ಕಣ್ಣಲ್ಲಿ ಪೊರೆ ಇದೆ. ಮುಖ ಅಂದ್ರೆ ಅವಳಿಗೆ ಈಗ ಒಂದು ಬೆಳ್ಳಗಿರೋದು ಅಷ್ಟೇ. ಅವಳು ನೋಡೋದು ಕಿವಿಯಲ್ಲಿ."

"ಮಾತಾಡಿಸಿದ್ರೆ?"

"ನಮ್ಮಪ್ಪ ಹ್ಞೂಂ ಅನ್ನೋದು ಬಿಟ್ಟು ಇನ್ನೇನೂ ಅಂದವನಲ್ಲ."

ಗಡಿಯಾರದಕ್ಕ ನಕ್ಕಳು. ನಕ್ಕದ್ದಕ್ಕೆ ತಾನೇ ನಾಚಿ ಬಾಗಿಲು ಬಿಟ್ಟು ಸರಿದಳು. ಓಣಿಯ ಮೆತ್ತನೆ ಹಾಸನ್ನು ಅಮ್ಮನ ಕೋಣೆಯ ಮುಂದಿನ ಅಷ್ಟು ಉದ್ದಕ್ಕೆ ಸುತ್ತಿಸಿ ಪಕ್ಕಕ್ಕಿಡಿಸಿದ್ದಳು, ಕೆಳಗಿನ ಕಲ್ಲು ನೆಲ ಕಾಣುತ್ತಿತ್ತು.

ಟಕ್, ಸರ್ರ್. ಮರಳಿನ ಚೀಲ ಬೇಕಾಗಲಿಲ್ಲ, ಕಾಲು ತಾನಾಗಿ ಎಳೆಯಿತು. ಎದುರಿಗೆ ಕಂಡಕ್ಟರ್ ಬಂದ. ಪ್ರತಿದಿನ ಅವಳನ್ನು ಕಂಡರೆ ಹೆಂಗಸರು ಮುಂದೆ ಎಂದು ದಾರಿ ಬಿಡುತ್ತಿದ್ದವನು. ಇವತ್ತು ತಲೆಯಿಂದ ಕಾಲಿನವರೆಗೆ ನೋಡಿದ. "ಹಿಂದೆ ಹೋಗಿ ಸ್ವಾಮಿ" ಎಂದ, "ಹಿಂದೆ ಖಾಲಿ ಇದೆ." ಅವಳು ಹಿಂದಕ್ಕೆ ಸರಿದು ಅವನಿಗೆ ದಾರಿ ಕೊಟ್ಟಳು. ಮತ್ತೆ ನಡೆದಳು. ಹದಿನಾಲ್ಕಕ್ಕೆ ಉಸಿರು. ಹದಿನೇಳು. ಬಾಗಿಲ ಪಕ್ಕ ಹೊಸದಾಗಿ ಹೊಡೆಸಿದ ಮೊಳೆಗೆ ಕೀಲಿಗೊಂಚಲು ಸಿಕ್ಕಿಸಿದಳು, ಝಣ್. ಪೆಟ್ಟಿಗೆಯಲ್ಲಿ ಸದ್ದು ನಿಂತಿದ್ದ ಜಾಗ ಇದೇ. ಅದನ್ನು ದಾಟಿ ಕದ ತಳ್ಳಿ ಒಳಗೆ ಕಾಲಿಟ್ಟಳು.

ಅಮ್ಮ ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದಳು. ಕದದ ಜೊತೆ ಹಿಂದಕ್ಕೆ ಸರಿದು, ಗ್ರೀಸಿನ ವಾಸನೆಗೆ ಮೂಗರಳಿಸಿ, ಅಂಗಿಯ ತೋಳನ್ನು ಮುಟ್ಟಿದಳು.

"ಬಂದ್ರಾ?"

"ಹ್ಞೂಂ."

"ಎಷ್ಟು ದಿನದ ಕೋಪ ರೀ ನಿಮ್ಮದು." ಅಮ್ಮ ಹಿಡಿದ ತೋಳು ಬಿಡಲಿಲ್ಲ. "ನಾನು ಏನೇ ಮಾಡಿರಲಿ, ತಪ್ಪಾಯ್ತು. ಹೊಟ್ಟೇಲಿ ಹಾಕ್ಕೊಳ್ಳಿ."

"ಹ್ಞೂಂ."

"ಕೂತ್ಕೊಳ್ಳಿ. ಆರಿ ಹೋಗಿದೆ, ಬಿಸಿ ಮಾಡಲಾ?"

ಅವಳು ಕುರ್ಚಿ ಎಳೆದು ಕೂತಳು. ಅಮ್ಮ ಎದುರಿಗೆ ಕೂತು ಚಮಚ ಎತ್ತಿದಳು. ಮೊದಲ ತುತ್ತು ಬಾಯೊಳಗೆ ಹೋಯಿತು, ನುಂಗಿದಳು. ಎರಡನೆಯದು. ತಟ್ಟೆ ಅರ್ಧ ಖಾಲಿಯಾದಾಗ ಗಾಜಿನಾಚೆ ಗಡಿಯಾರದಕ್ಕ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ಊಟ ಮುಗಿಸಿದ ಅಮ್ಮ, "ಹೊರಗಿನ ಬಾಗಿಲು ಹಾಕ್ಕೊಂಡು ಬನ್ನಿ" ಎಂದಳು. ಅದೂ ಹಳೆಯ ಮಾತೇ, ಅಪ್ಪನಿಗೆ ದಿನವೂ ಹೇಳುತ್ತಿದ್ದದ್ದು. ಅವಳು ಎದ್ದು ಟಕ್, ಸರ್ರ್ ಎಂದು ಓಣಿಯ ತುದಿಗೆ ನಡೆದಳು. ತಿರುಗಿ ಬಂದು ಇಣುಕುವಷ್ಟರಲ್ಲಿ ಅಮ್ಮನಿಗೆ ನಿದ್ದೆ ಹತ್ತಿತ್ತು.

ಸೋಮವಾರ ವೈದ್ಯರು ನಳಿಗೆಯ ಮಾತೆತ್ತಲಿಲ್ಲ. ತಮ್ಮ ಫೋನಿನಲ್ಲಿ, "ಇದನ್ನ ಎಷ್ಟು ದಿನ ಮಾಡ್ತೀಯ?" ಎಂದ. "ತಿನ್ನೋವರೆಗೆ" ಎಂದಳು.

ಎರಡನೇ ವಾರದಲ್ಲಿ ಅಮ್ಮನಿಗೆ ಮಾತು ಬಂತು. ತುತ್ತಿನ ನಡುವೆ ಗಂಡನಿಗೆ ಒಂದೊಂದೇ ಹೇಳತೊಡಗಿದಳು. ಇಸ್ತ್ರಿಮನೆಯಲ್ಲಿ ಹೊಸ ಮೇಲ್ವಿಚಾರಕಿ ಬಂದಿದ್ದಾಳೆ. ಮೊಣಕಾಲು ಹಿಡಿಯುತ್ತದೆ. ಒಂದು ಸಂಜೆ ಚಮಚ ಅರ್ಧಕ್ಕೆ ನಿಲ್ಲಿಸಿ ಮುಂದಕ್ಕೆ ಬಾಗಿದಳು.

"ಒಂದು ಮಾತು ರೀ. ಬೆಳಗ್ಗೆ ಒಬ್ಬಳು ಬರ್ತಾಳೆ. ನಿಮ್ಮ ವಯಸ್ಸೇ ಇರಬಹುದು. ಎದುರಿಗೆ ಕೂತ್ಕೊಂಡು ಅಮ್ಮ ಅಮ್ಮ ಅಂತಾಳೆ, ಕೆನ್ನೆ ಮುಟ್ಟೋಕೆ ಬರ್ತಾಳೆ. ನೀವು ಸತ್ತಿದೀರಿ ಅಂತ ಹೇಳಿದ್ದು ಅವಳೇ."

ಅವಳು ತಟ್ಟೆಯ ಅಂಚು ನೋಡುತ್ತಿದ್ದಳು.

"ನನಗೆ ಅವಳನ್ನ ಕಂಡ್ರೆ ಭಯ. ಅವಳು ಬಂದು ಹೋದರೆ ಆಮೇಲೆ ಏನೂ ಗಂಟಲಲ್ಲಿ ಇಳಿಯಲ್ಲ. ಒಳಗೆ ಬಿಡಬೇಡಿ ಅಂತ ಹೇಳಿ ಅವರಿಗೆ. ಹೇಳ್ತೀರಾ?"

ಓಣಿಯಲ್ಲಿ ಔಷಧಿ ಗಾಡಿ ಹಾದು ಹೋಯಿತು. ಅಮ್ಮ ಚಮಚ ಹಿಡಿದುಕೊಂಡು ಕಾಯುತ್ತಿದ್ದಳು. ಉತ್ತರ ಬರುವವರೆಗೆ ಅದು ಬಾಯಿಗೆ ಹೋಗುವಂತಿರಲಿಲ್ಲ.

"ಹ್ಞೂಂ" ಎಂದಳು ಅವಳು.

ಮರುದಿನದಿಂದ ಬೆಳಗ್ಗೆ ಬರುವುದನ್ನು ಬಿಟ್ಟಳು. ಬಂದವರ ಪುಸ್ತಕದಲ್ಲಿ 'ಮಗಳು' ಎಂದು ಅವಳು ಬರೆಯುತ್ತಿದ್ದ ಸಾಲು ಅಲ್ಲಿಗೆ ನಿಂತಿತು. ಗಡಿಯಾರದಕ್ಕ ಒಂದು ಸಲ ಹೇಳಿಯೂ ಹೇಳಿದಳು, "ಮಲಗಿದಾಗ ಬಂದು ನೋಡ್ಕೊಂಡು ಹೋಗಿ, ಯಾರು ಬೇಡ ಅಂತಾರೆ." ಅವಳು ತಲೆಯಾಡಿಸಿದಳು, ಬರಲಿಲ್ಲ. ಆರೂವರೆಗೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಸ್ಟುಡಿಯೋದಲ್ಲಿ ಬೇರೆಯವರಿಗೆ ನಡೆಯುವಾಗಲೂ ಎಡಗಾಲು ಎಳೆಯುತ್ತಿದೆ ಎಂದು ಧ್ವನಿ ಎಂಜಿನಿಯರ್ ಒಮ್ಮೆ ಗಾಜಿನಾಚೆಯಿಂದ ಕೈಯೆತ್ತಿ ನಿಲ್ಲಿಸಿದ. "ಮೇಡಂ, ಹುಡುಗಿ ನಡೀತಿರೋದು, ಮುದುಕ ಅಲ್ಲ." ಅವಳು ಆ ದೃಶ್ಯವನ್ನು ನಾಲ್ಕು ಸಲ ನಡೆದಳು. ನಾಲ್ಕೂ ಸಲ ಮುದುಕನೇ ಬಂದ.

ತಿಂಗಳು ಕಳೆಯಿತು. ಅಮ್ಮನ ಕೆನ್ನೆ ಸ್ವಲ್ಪ ತುಂಬಿತು. ಒಂದು ಸಂಜೆ ಎಂದಿನಂತೆ ಬಂದ್ರಾ ಎಂದಳು, ಕೂತ್ಕೊಳ್ಳಿ ಎಂದಳು, ಮೂರು ತುತ್ತು ತಿಂದಳು. ನಾಲ್ಕನೆಯದನ್ನು ಎತ್ತಿದವಳು ಹಾಗೇ ತಟ್ಟೆಗಿಟ್ಟು ಕತ್ತು ಓರೆ ಮಾಡಿದಳು. ಓಣಿಯ ಕಡೆಗೆ ಕಿವಿ.

"ಪುಟ್ಟಿ ಇನ್ನೂ ಬಂದಿಲ್ಲ."

ಕುರ್ಚಿಯಲ್ಲಿ ಕೂತವಳ ಬೆನ್ನು ಸೆಟೆಯಿತು.

"ಇಷ್ಟು ಹೊತ್ತಾದರೂ ಬಂದಿಲ್ಲ ರೀ ಮಗು. ಸ್ಕೂಲು ಬಿಟ್ಟು ಎಷ್ಟು ಹೊತ್ತಾಯ್ತು. ಅದು ಹಸ್ಕೊಂಡಿರುತ್ತೆ, ನಾನು ತಿಂತಾ ಕೂತಿದೀನಿ." ಅಮ್ಮ ತಟ್ಟೆಯನ್ನು ದೂರ ಸರಿಸಿದಳು. ಎದ್ದಳು. ಬಾಗಿಲ ಕಡೆ ಒಂದು ಹೆಜ್ಜೆ, ಎರಡು. ಕೈ ಆಗಲೇ ಕದದ ಮರವನ್ನು ಹುಡುಕುತ್ತಿತ್ತು. ಕಿತ್ತುಹೋದ ಎರಡು ಬೆರಳಿನಲ್ಲಿ ಉಗುರು ಈಗಷ್ಟೇ ಅರ್ಧ ಬಂದಿತ್ತು.

ಎಂಟು ವರ್ಷದ ಹುಡುಗಿಯ ನಡಿಗೆ ಅವಳಿಗೆ ಗೊತ್ತಿತ್ತು. ಗೋಡೆಯ ಎರಡನೇ ಸಾಲಿನಲ್ಲಿ ಪುಟ್ಟ ಚಪ್ಪಲಿಯ ಒಂದು ಜೊತೆ ಇತ್ತು, ಅಂಗೈಗೆ ತೊಟ್ಟುಕೊಂಡು ನಡೆಸುವಂಥದ್ದು. ನಾಳೆಯೇ ಮಾಡಬಹುದಿತ್ತು, ಮೆಟ್ಟಿಲು ಎರಡೆರಡು ಹಾರಿ ಬರುವುದು, ಚೀಲ ನೆಲಕ್ಕೆ ಬೀಳುವುದು. ಆದರೆ ಆ ಹೆಜ್ಜೆಯೂ ಬಾಗಿಲಿಗೆ ಬಂದು ನಿಲ್ಲುತ್ತದೆ. ಕದ ತಳ್ಳಿಕೊಂಡು ಒಳಗೆ ಬರಲು ಅಂಥ ಮಗು ಲೋಕದಲ್ಲಿ ಎಲ್ಲಿಯೂ ಇರಲಿಲ್ಲ.

"ಮಲಗಿದೆ" ಎಂದಳು.

ಈ ಬೂಟು ಹಾಕಿದ ಮೇಲೆ ಅವಳು ಆಡಿದ ಮೊದಲ ಮಾತು. ದನಿ ಒಡೆದು ದಪ್ಪವಾಗಿ ಬಂತು, ಯಾರದೋ ಆಗಿ ಬಂತು. ಅಮ್ಮ ತಿರುಗಿದಳು.

"ಯಾವಾಗ ಬಂತು?"

ಅವಳು ಪಕ್ಕದ ಗೋಡೆಯ ಕಡೆ ತಲೆಯಾಡಿಸಿದಳು. ಅದರಾಚೆ ಮೇಷ್ಟ್ರ ಕೋಣೆ. ಮೂರು ದಿನದಿಂದ ಖಾಲಿ.

"ತಿಂದಿತಾ?"

"ಹ್ಞೂಂ."

ಅಮ್ಮ ಗೋಡೆಗೆ ಕಿವಿ ಹಚ್ಚಿದಳು. ಬಹಳ ಹೊತ್ತು ಹಾಗೇ ನಿಂತಳು. ಅಲ್ಲಿ ಏನೂ ಕೇಳಿಸುವಂತಿರಲಿಲ್ಲ, ಮಲಗಿದ ಮಗುವಿನ ಕೋಣೆಯಲ್ಲಿ ಕೇಳಿಸುವಷ್ಟೇ. ಅಮ್ಮನ ಮುಖ ಸಡಿಲಾಯಿತು. ತುದಿಗಾಲಲ್ಲಿ ನಡೆದು ಬಂದು ಕೂತಳು. ತಟ್ಟೆಯನ್ನು ಹತ್ತಿರ ಎಳೆದುಕೊಂಡಳು, ಎಳೆಯುವಾಗ ಅಡಿಯಲ್ಲಿ ಬೆರಳು ಕೊಟ್ಟು ಸದ್ದಾಗದಂತೆ ಎತ್ತಿದಳು. ಚಮಚ ತಟ್ಟೆಗೆ ತಾಕದ ಹಾಗೆ ಒಂದೊಂದೇ ತುತ್ತು ತಿಂದಳು. ಎದುರಿಗೆ ಕೂತವಳ ಎದೆಯಿಂದ ಒಂದು ಉಸಿರು ಒಡೆದುಕೊಂಡು ಬರುವುದರಲ್ಲಿತ್ತು. ಅಮ್ಮ ಥಟ್ಟನೆ ತುಟಿಯ ಮೇಲೆ ಬೆರಳಿಟ್ಟಳು.

"ಶ್! ಎದ್ದುಬಿಡುತ್ತೆ."

ಅವಳು ಅಂಗಿಯ ತೋಳನ್ನು ಬಾಯಿಗೆ ಒತ್ತಿಕೊಂಡಳು. ಗ್ರೀಸಿನ ರುಚಿ ನಾಲಿಗೆಗೆ ಬಂತು.

ತಟ್ಟೆ ಖಾಲಿಯಾಯಿತು. ಅಮ್ಮ ಬಾಯೊರೆಸಿಕೊಂಡು, ಮಲಗಲು ಕಾಲು ಮೇಲೆತ್ತಿಕೊಂಡು, ಪಿಸುಗುಟ್ಟಿದಳು:

"ಹೊರಗಿನ ಬಾಗಿಲು ಹಾಕ್ಕೊಂಡು ಬನ್ನಿ. ಬೂಟು ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಹೋಗಿ ರೀ, ಪುಟ್ಟಿ ಎದ್ದೀತು."

ಅವಳು ಬಗ್ಗಿ ದಾರ ಬಿಚ್ಚಿದಳು. ಎರಡು ಬೂಟನ್ನೂ ಎದೆಗವಚಿಕೊಂಡಳು. ಮೊಳೆಯಿಂದ ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಒಂದು ಕೀಲಿಯೂ ಇನ್ನೊಂದಕ್ಕೆ ತಾಕದಂತೆ ತೆಗೆದುಕೊಂಡಳು. ಓಣಿಯ ತುದಿಯವರೆಗೆ ಬರಿಗಾಲಲ್ಲಿ ನಡೆದಳು. ಮಂಚದ ಮೇಲೆ ಕಣ್ಣು ಮುಚ್ಚಿ ಕಿವಿ ತೆರೆದಿದ್ದ ಅಮ್ಮನಿಗೆ ಏನೂ ಕೇಳಿಸಲಿಲ್ಲ.